ಹೂರಣದ ಚಾಕೊಲೇಟು



ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸ್ ನಗರದಲ್ಲಿ, ಗಾಜಿನ ಕಮಾನನ್ನು ಹೊದ್ದುಕೊಂಡಿರುವ ಪ್ರಸಿದ್ಧವಾದ ಒಂದು ಅಂಗಡಿಬೀದಿಯುಂಟು. ಸ್ವಿಟ್ಸರ್ಲೆಂಡಿನಿಂದ ಬಂದು ಅಲ್ಲಿ ನೆಲೆಸಿದ ಝಾನ್ ನ್ಯೂಹೌಸ್ ಎಂಬಾತನು 1857ನೆಯ ಇಸವಿಯಲ್ಲಿ ಆ ಬೀದಿಯಲ್ಲಿ ಔಷಧದ ಅಂಗಡಿಯೊಂದನ್ನು ತೆರೆದನು. ಕಹಿಯಾದ ಔಷಧವನ್ನು ಮುಖ ಸಿಂಡರಿಸದೆ ನುಂಗಲಾರದ ರೋಗಿಗಳಿಗಾಗಿ, ಅದರ ಮೇಲೆ ಚಾಕೊಲೇಟಿನ ತೆಳುವಾದ ಹೊದಿಕೆಯನ್ನು ಹಾಕಿ ಕೊಡುವ ಉಪಾಯವನ್ನು ಆತನು ಹೂಡಿದನೆಂದು ಆ ಮನೆತನದ ಚರಿತ್ರೆ ಹೇಳುತ್ತದೆ. ಆತನ ಮೊಮ್ಮಗನೂ ಅದೇ ಹೆಸರಿನವನು. 1912ರಲ್ಲಿ ಈ ಮೊಮ್ಮಗನು ಹೊದಿಕೆಯನ್ನು ಹಾಗೆಯೇ ಉಳಿಸಿಕೊಂಡು, ಒಳಗಿದ್ದ ಔಷಧವನ್ನು ತೆಗೆದುಹಾಕಿ, ಅದರ ಸ್ಥಾನದಲ್ಲಿ ಮೃದುವೂ ಮಧುರವೂ ಆದ ಹೂರಣವನ್ನು ತುಂಬಿ, ಅದಕ್ಕೆ ಪ್ರಾಲಿನ್ ಎಂದು ಹೆಸರಿಟ್ಟನು. ಅಲ್ಲಿಯ ತನಕ ಮಿಠಾಯಿಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಿದ್ದರು. ಒಳಗೆ ಹೂರಣವಿರುವ ಈ ಹೊಸ ತಿನಿಸು ಅದರಲ್ಲಿ ಅಪ್ಪಚ್ಚಿಯಾಗುತ್ತಿದ್ದುದನ್ನು ಕಂಡು, ಆತನ ಪತ್ನಿಯಾದ ಲೂಯೀಸ್ ಅಗೊಸ್ತಿನಿ 1915ರಲ್ಲಿ ಒಂದರ ಮೇಲೊಂದು ಸಾಲಾಗಿ ಜೋಡಿಸಬಹುದಾದ ಪುಟ್ಟ ಪೆಟ್ಟಿಗೆಯನ್ನು ರೂಪಿಸಿದಳು. ಇಂದು ಮದುವೆಮುಂಜಿಗಳಲ್ಲಿ, ಹುಟ್ಟುಹಬ್ಬಗಳಲ್ಲಿ, ಪರದೇಶದಿಂದ ಬಂಧುಗಳು ಬಂದಿಳಿದ ದಿನಗಳಲ್ಲಿ ನಮ್ಮ ಮನೆಗಳನ್ನು ಪ್ರವೇಶಿಸುವ ಚಾಕೊಲೇಟಿನ ಪೆಟ್ಟಿಗೆಯ ವಂಶವೃಕ್ಷವನ್ನು ಹಿಂದಕ್ಕೆ ಹುಡುಕುತ್ತ ಹೋದರೆ, ಅದು ಬಹುಮಟ್ಟಿಗೆ ಆ ಔಷಧದ ಅಂಗಡಿಯ ಬಾಗಿಲಿಗೆ ಹೋಗಿ ಮುಟ್ಟುತ್ತದೆ.

ಈ ಪೂರ್ವಕಥೆಯನ್ನು ನಾನು ಮೊದಲಿಗೆ ಹೇಳಿದುದಕ್ಕೆ ಕಾರಣವುಂಟು. ನೂರು ವರ್ಷಗಳ ಹಿಂದೆ ಔಷಧವನ್ನು ಹೊರಕ್ಕೆ ಹಾಕಿ ಕೇವಲ ಸಂತೋಷಕ್ಕಾಗಿ ರಚಿತವಾದ ಈ ಭಕ್ಷ್ಯದಲ್ಲಿ, ಈಚಿನ ದಿನಗಳಲ್ಲಿ ಜನರು ಮತ್ತೆ ಔಷಧವನ್ನು ಅರಸತೊಡಗಿದ್ದಾರೆ. ಹೃದಯಕ್ಕೆ ಹಿತ, ರಕ್ತದೊತ್ತಡಕ್ಕೆ ಹಿತ, ಮನಸ್ಸಿನ ದುಗುಡಕ್ಕೆ ಹಿತವೆಂಬ ಮಾತುಗಳು ಒಂದು ಕಡೆ. ವಿಷಪ್ರಾಯ, ಮಕ್ಕಳ ಕಣ್ಣಿಗೆ ಬೀಳಿಸಲೇಬಾರದೆಂಬ ಮಾತುಗಳು ಇನ್ನೊಂದು ಕಡೆ. ಇವೆರಡರ ನಡುವೆ, ಪೆಟ್ಟಿಗೆಯ ಮುಂದೆ ಕುಳಿತ ಮನುಷ್ಯನು ತಿನ್ನುವಾಗಲೂ ನೆಮ್ಮದಿಯಿಂದ ತಿನ್ನಲಾರನು, ಬಿಡುವಾಗಲೂ ನೆಮ್ಮದಿಯಿಂದ ಬಿಡಲಾರನು. ಒಂದು ಪದಾರ್ಥದ ಒಳಹೊರಗನ್ನು ಚೆನ್ನಾಗಿ ಅರಿತುಕೊಂಡವನಿಗೆ ಈ ಗೊಂದಲವಿರುವುದಿಲ್ಲವೆಂದು ನಾನು ಬಲವಾಗಿ ನಂಬಿದ್ದೇನೆ. ಆ ಅರಿವಿನ ಸಲುವಾಗಿಯೇ ಇಂದಿನ ಈ ಭಾಷಣ.

ಚಾಕೊಲೇಟಿನ ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಪ್ರಾಚೀನ ಜನರ ಪಾನೀಯದಲ್ಲಿದೆಯೆಂಬುದು ಬಹುಜನರಿಗೆ ತಿಳಿದ ಸಂಗತಿ. ಸಾವಿರಾರು ವರ್ಷ ಕುಡಿಯುವ ವಸ್ತುವಾಗಿದ್ದ ಅದು ತಿನ್ನುವ ವಸ್ತುವಾದುದು ಬಹಳ ಈಚೆಗೆ. 1828ರಲ್ಲಿ ಹಾಲೆಂಡಿನ ಫಾನ್ ಹೌಟನ್ ಮನೆತನದವರು ಕೊಕ್ಕೋ ಬೀಜದಿಂದ ಬೆಣ್ಣೆಯನ್ನು ಹಿಂಡಿ ತೆಗೆಯುವ ವಿಧಾನಕ್ಕೆ ಸನ್ನದು ಪಡೆದರು. 1847ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಫ್ರೈ ಸಂಸ್ಥೆಯವರು ಆ ಬೆಣ್ಣೆಯನ್ನೇ ಪುಡಿಗೂ ಸಕ್ಕರೆಗೂ ಬೆರೆಸಿ ಅಚ್ಚಿನಲ್ಲಿ ಎರೆದು ಗಟ್ಟಿ ಚಾಕೊಲೇಟನ್ನು ಮಾಡಿದರು. ಅವರೇ 1866ರಲ್ಲಿ ಒಳಗೆ ಸಕ್ಕರೆಯ ಪಾಕವನ್ನು ತುಂಬಿದ ಪಟ್ಟಿಯನ್ನು ಮಾರುಕಟ್ಟೆಗೆ ತಂದರು. ಮುಂದೆ ಸ್ವಿಟ್ಸರ್ಲೆಂಡಿನ ಡೇನಿಯಲ್ ಪೀಟರ್ ಅದಕ್ಕೆ ಹಾಲನ್ನು ಸೇರಿಸಿದನು. ರೊಡಾಲ್ಫ್ ಲಿಂಟ್ ಅದನ್ನು ದೀರ್ಘಕಾಲ ಅರೆದು ತಿರುವಿ ನಾಲಗೆಗೆ ನವುರಾಗಿಸುವ ಕ್ರಮವನ್ನು ಕಂಡುಹಿಡಿದನು. ಚರಿತ್ರೆಯ ಭಾಗಕ್ಕೆ ಇಷ್ಟು ಸಾಕು.

ನಮ್ಮ ದಕ್ಷಿಣ ಕನ್ನಡದ ಅಡಕೆತೋಟಗಳಿಗೂ ಈ ವಿಷಯಕ್ಕೂ ನಿಜವಾದ ಸಂಬಂಧವೊಂದುಂಟು. ಅಡಕೆಮರಗಳ ನೆರಳಿನಲ್ಲಿ ಉಪಬೆಳೆಯಾಗಿ ಕೊಕ್ಕೋ ಗಿಡವನ್ನು ನೆಟ್ಟ ಕೃಷಿಕರು, ಬೆಲೆ ಕುಸಿದು ಕೊಳ್ಳುವವರಿಲ್ಲದಾದಾಗ ಕಂಗೆಟ್ಟರು; ಆಗ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾಗಿದ್ದ ಅಡಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ ಅವರ ಬೀಜವನ್ನು ಕೊಳ್ಳಲು ಮುಂದಾಯಿತು, ಮತ್ತು 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಆದ ಚಾಕೊಲೇಟು ಕಾರ್ಖಾನೆಯನ್ನು ತೆರೆಯಿತು. ತೋಟಕ್ಕೆ ಹೋಗಿ ನೋಡಿದವರಿಗೆ ತಿಳಿದಿರುತ್ತದೆ: ಕೊಕ್ಕೋವಿನ ಕಾಯಿ ಕೊಂಬೆಯ ತುದಿಯಲ್ಲಿ ತೂಗದೆ ಕಾಂಡದ ಮೈಗೇ ಅಂಟಿಕೊಂಡು ಬೆಳೆಯುತ್ತದೆ, ಅಳಿಲು ಕೊರೆಯುವುದಕ್ಕೆ ಮೊದಲೇ ಕೊಯ್ದು ಒಡೆದರೆ, ಒಳಗೆ ಬಿಳಿಯ ಲೋಳೆಯಾದ ತಿರುಳಿನಿಂದ ಆವೃತವಾದ ಬೀಜಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಆ ತಿರುಳು ಸಿಹಿಹುಳಿಯಾಗಿದ್ದು ಮಕ್ಕಳಿಗೆ ಬಲು ಪ್ರಿಯ. ಆದರೆ ಒಳಗಿನ ಹಸಿಬೀಜವನ್ನು ಕಚ್ಚಿದರೆ ಕಹಿಯೊಗರು ಬಾಯಿಯನ್ನೆಲ್ಲ ವ್ಯಾಪಿಸುತ್ತದೆ. ಐದಾರು ದಿನ ರಾಶಿ ಹಾಕಿ ಹುಳಿಯಿಸಿ, ಬಿಸಿಲಿನಲ್ಲಿ ಒಣಗಿಸಿ, ಅನಂತರ ಹುರಿದಾಗ ಮಾತ್ರ ನಾವು ಚಾಕೊಲೇಟಿನದೆಂದು ಗುರುತಿಸುವ ಪರಿಮಳ ಪ್ರಕಟವಾಗುತ್ತದೆ. ಪ್ರಕೃತಿಯು ಆ ಬೀಜದಲ್ಲಿ ಸಿಹಿಯನ್ನು ಇಟ್ಟಿಲ್ಲವೆಂಬುದನ್ನು ಇಲ್ಲಿಯೇ ಗಮನಿಸಬೇಕು. ಪೆಟ್ಟಿಗೆಯ ಚಾಕೊಲೇಟಿನಲ್ಲಿರುವ ಸಿಹಿಯ ಬಹುಭಾಗ ಕಾರ್ಖಾನೆಯಲ್ಲಿ ಹಾಕಿದ ಸಕ್ಕರೆಯಿಂದಲೂ, ಅಲ್ಪಭಾಗ ಹಾಲಿನಿಂದಲೂ ಬಂದದ್ದು.

ಒಣಗಿದ ಬೀಜದ ಸಿಪ್ಪೆಯನ್ನು ತೆಗೆದು ಉಳಿದ ಬೇಳೆಯನ್ನು ಪರೀಕ್ಷಿಸಿದರೆ, ಅದರ ತೂಕದಲ್ಲಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಕೊಬ್ಬು ಇರುತ್ತದೆ. ಕೊಕ್ಕೋ ಬೆಣ್ಣೆಯೆನ್ನುವುದು ಇದನ್ನೇ. ಸರಿಯಾದ ಹದದಲ್ಲಿ ಹರಳುಗಟ್ಟಿದ ಈ ಬೆಣ್ಣೆ ಸುಮಾರು 34 ಡಿಗ್ರಿ ಉಷ್ಣತೆಯಲ್ಲಿ ಕರಗುತ್ತದೆ. ನಮ್ಮ ಬಾಯಿಯ ಉಷ್ಣತೆಯಾದರೋ 37ರ ಆಸುಪಾಸಿನದು. ಕೈಯಲ್ಲಿ ಹಿಡಿದಾಗ ಗಟ್ಟಿಯಾಗಿದ್ದು, ಮುರಿದಾಗ ಟಪ್ಪೆಂದು ಸದ್ದು ಮಾಡಿ, ನಾಲಗೆಯ ಮೇಲಿಟ್ಟೊಡನೆ ದ್ರವವಾಗಿಬಿಡುವ ಆ ಚಮತ್ಕಾರವೆಲ್ಲ ಈ ಮೂರು ಡಿಗ್ರಿಗಳ ಅಂತರದಲ್ಲಿ ಅಡಗಿದೆ. ಈ ಬೆಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ಹೆಚ್ಚೇ ಸರಿ. ಆದರೆ ಆ ಪರ್ಯಾಪ್ತ ಭಾಗದಲ್ಲಿ ಅರ್ಧಕ್ಕಿಂತ ಮಿಕ್ಕುದು ಸ್ಟಿಯರಿಕ್ ಆಮ್ಲವಾಗಿದ್ದು, ಇತರ ಪರ್ಯಾಪ್ತ ಕೊಬ್ಬುಗಳು ರಕ್ತದ ಕೊಲೆಸ್ಟರಾಲನ್ನು ಏರಿಸುವಷ್ಟು ಇದು ಏರಿಸುವುದಿಲ್ಲ. ಬೆಣ್ಣೆಯನ್ನು ಬಿಟ್ಟರೆ ಉಳಿದ ಕೊಕ್ಕೋ ಭಾಗದಲ್ಲಿ ನಾರು, ಕಬ್ಬಿಣ, ಮೆಗ್ನೀಸಿಯಂ, ತಾಮ್ರ, ಥಿಯೊಬ್ರೊಮಿನ್ ಎಂಬ ಮೃದುವಾದ ಉತ್ತೇಜಕ, ಮತ್ತು ಫ್ಲೇವನಾಲ್‌ಗಳೆಂಬ ಒಗರಿನ ದ್ರವ್ಯಗಳು ಇವೆ. ಹೊರಕವಚದ ಗುಣಗಳೇನಿದ್ದರೂ ಇಷ್ಟು.

ಇನ್ನು ಹೂರಣಕ್ಕೆ ಬರೋಣ. ನಮ್ಮ ಹೋಳಿಗೆಯಲ್ಲಿ ಕಣಕ ತೆಳ್ಳಗಿದ್ದು ಹೂರಣ ಹೆಚ್ಚಿರಬೇಕೆಂಬುದು ಗೃಹಿಣಿಯರ ಹೆಮ್ಮೆ. ಅಲ್ಲಿ ಹೂರಣವೆಂದರೆ ಬೇಳೆ, ಆದಕಾರಣ ಹೂರಣ ಹೆಚ್ಚಿದಷ್ಟೂ ಪೋಷಣೆಯೂ ಹೆಚ್ಚುತ್ತದೆ. ಚಾಕೊಲೇಟಿನ ವಿಷಯದಲ್ಲಿ ಇದು ಅನೇಕ ವೇಳೆ ತಿರುಗುಮುರುಗಾಗಿರುತ್ತದೆ. ಕೊಕ್ಕೋ ದುಬಾರಿ, ಸಕ್ಕರೆ ಅಗ್ಗ. ಬೆಲೆಯುಳ್ಳ ವಸ್ತು ಕಣಕದಲ್ಲಿಯೂ ಬೆಲೆಯಿಲ್ಲದ ವಸ್ತು ಹೂರಣದಲ್ಲಿಯೂ ಇರುವಲ್ಲಿ, ತಯಾರಕನ ಕೈ ಸ್ವಾಭಾವಿಕವಾಗಿಯೇ ಹೂರಣದ ಕಡೆಗೆ ಉದಾರವಾಗುತ್ತದೆ. ಹೂರಣದ ಚಾಕೊಲೇಟೆಂದು ಕರೆಯಿಸಿಕೊಳ್ಳುವ ಪದಾರ್ಥದ ಒಟ್ಟು ತೂಕದಲ್ಲಿ ನೂರಕ್ಕೆ 25 ಭಾಗಕ್ಕಿಂತ ಕಡಿಮೆಯಿಲ್ಲದಂತೆ ನಿಜವಾದ ಚಾಕೊಲೇಟಿನ ಹೊದಿಕೆ ಇರಬೇಕೆಂದು ನಮ್ಮ ದೇಶದ ಆಹಾರ ಸುರಕ್ಷಾ ನಿಯಮವೇ ವಿಧಿಸಿದೆ. ಅಂದರೆ, ನಿಯಮಕ್ಕೆ ಚ್ಯುತಿಯಿಲ್ಲದೆಯೇ ಮುಕ್ಕಾಲು ಭಾಗ ಹೂರಣವಾಗಿರಬಹುದು. ಆ ಮುಕ್ಕಾಲು ಭಾಗ ಯಾವುದು ಎಂಬುದರ ಮೇಲೆ ತುಂಡಿನ ಗುಣವೆಲ್ಲ ನಿಂತಿದೆ.

ಹರಿತವಾದ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಪೆಟ್ಟಿಗೆಯಿಂದ ಒಂದೆರಡು ತುಂಡುಗಳನ್ನು ನಟ್ಟನಡುವೆ ಕೊಯ್ದು ನೋಡಿರಿ. ಕಣ್ಣಿಗೇ ಬಹಳಷ್ಟು ತಿಳಿಯುತ್ತದೆ. ಕೆಲವುಗಳ ಒಳಗೆ ಬೆಳ್ಳಗೆ ಹೊಳೆಯುವ, ಬೆರಳಿಗೆ ನಯವಾಗಿ ಹತ್ತುವ ಪಾಕವಿರುತ್ತದೆ. ಫಾಂಡೆಂಟ್ ಎಂಬ ಈ ಹೂರಣ ಸಕ್ಕರೆಯ ಅತಿ ಸೂಕ್ಷ್ಮವಾದ ಹರಳುಗಳ ರಾಶಿ, ಅದನ್ನು ಹಿಡಿದಿಟ್ಟಿರುವುದು ಸ್ವಲ್ಪ ನೀರು. ಪುದೀನ, ಕಿತ್ತಳೆ, ಗುಲಾಬಿ ಎಂಬ ಹೆಸರುಗಳೆಲ್ಲ ಅದಕ್ಕೆ ಸೇರಿಸಿದ ಪರಿಮಳಗಳವು. ಇನ್ನು ಕೆಲವನ್ನು ಕೊಯ್ದರೆ ರಸವೇ ಹೊರಕ್ಕೆ ಹರಿಯುತ್ತದೆ. ಗಟ್ಟಿಯಾದ ಕವಚದೊಳಕ್ಕೆ ದ್ರವವನ್ನು ಹೇಗೆ ತುಂಬಿದರೆಂದು ನೋಡಿದವರು ಬೆರಗಾಗುವುದುಂಟು. ಆದರೆ ಅನೇಕವುಗಳಲ್ಲಿ ತುಂಬುವಾಗ ಅದು ಗಟ್ಟಿಯಾಗಿಯೇ ಇರುತ್ತದೆ, ಜೊತೆಗೆ ಸೇರಿಸಿದ ಇನ್ವರ್ಟೇಸ್ ಎಂಬ ಕಿಣ್ವವು ಒಂದೆರಡು ವಾರಗಳಲ್ಲಿ ಸಕ್ಕರೆಯನ್ನು ಗ್ಲೂಕೋಸು ಮತ್ತು ಫ್ರಕ್ಟೋಸುಗಳಾಗಿ ಒಡೆದು, ಮುಚ್ಚಿದ ಕವಚದ ಒಳಗೆಯೇ ಅದನ್ನು ದ್ರವೀಕರಿಸುತ್ತದೆ. ಚೆರ್ರಿ ಹಣ್ಣನ್ನು ಒಳಗಿಟ್ಟ ಚಾಕೊಲೇಟುಗಳಲ್ಲಿ ನಡೆಯುವುದು ಈ ಕ್ರಿಯೆಯೇ. ಇದು ಅತ್ಯಂತ ಸುಂದರವಾದ ರಸಾಯನ. ಆದರೆ ಸಕ್ಕರೆ ಸಕ್ಕರೆಯಾಗಿಯೇ ಉಳಿಯುತ್ತದೆ.

ಮೂರನೆಯ ಬಗೆ ಕ್ಯಾರಮೆಲ್: ಸಕ್ಕರೆ, ಹಾಲು, ಬೆಣ್ಣೆಗಳನ್ನು ಕೆಂಪಗೆ ಕಾಯಿಸಿ ಮಾಡಿದ, ಎಳೆದರೆ ನೂಲಾಗುವ ಅಂಟು. ನಾಲ್ಕನೆಯದು ಗನಾಷ್, ಎಂದರೆ ಹಾಲಿನ ಕೆನೆಯಲ್ಲಿ ಕರಗಿಸಿದ ಚಾಕೊಲೇಟು. ಇದು ಎಲ್ಲಕ್ಕಿಂತ ಮೃದು, ನೀರಿನ ಅಂಶವಿರುವುದರಿಂದ ಬಹುಕಾಲ ತಡೆಯದು. ಐದನೆಯದು ಹುರಿದ ಬಾದಾಮಿಯನ್ನೋ ಹೇಜಲ್ ಬೀಜವನ್ನೋ ಸಕ್ಕರೆಯೊಡನೆ ನುಣ್ಣಗೆ ಅರೆದ ಹೂರಣ. ಇಟಲಿಯ ಟ್ಯೂರಿನ್ ಪ್ರಾಂತದಲ್ಲಿ ನೆಪೋಲಿಯನ್ನನ ಕಾಲದ ನಿರ್ಬಂಧದಿಂದ ಕೊಕ್ಕೋ ಸಿಗದಾದಾಗ, ಅಲ್ಲಿನ ಗುಡ್ಡಗಳಲ್ಲಿ ಹೇರಳವಾಗಿ ಬೆಳೆಯುವ ಹೇಜಲ್ ಬೀಜವನ್ನು ಬೆರೆಸಿ ಕೊಕ್ಕೋವನ್ನು ಎಟುಕಿಸಿಕೊಂಡರೆಂಬ ಮಾತೊಂದು ಪ್ರಚಾರದಲ್ಲಿದೆ. ಜಾಂಡೂಯಾ ಎಂಬ ಹೆಸರಿನ ಆ ಮಿಶ್ರಣ ಇಂದು ಜಗತ್ಪ್ರಸಿದ್ಧವಾಗಿದೆ.

ಈಗ ಲೆಕ್ಕಕ್ಕೆ ಬಂದರೆ ವಿಚಿತ್ರವಾದ ಸಂಗತಿಯೊಂದು ಎದುರಾಗುತ್ತದೆ. ಫಾಂಡೆಂಟ್ ಹೂರಣದ ಚಾಕೊಲೇಟಿನ ನೂರು ಗ್ರಾಮಿನಲ್ಲಿ ಸ್ಥೂಲವಾಗಿ 420 ಕಿಲೊ ಕ್ಯಾಲರಿ ಶಕ್ತಿಯಿದ್ದರೆ, ಬೀಜದ ಹೂರಣವಿರುವುದರಲ್ಲಿ 550ರಷ್ಟಿರುತ್ತದೆ. ಒಂದು ಗ್ರಾಂ ಸಕ್ಕರೆ ಕೊಡುವುದು ನಾಲ್ಕು, ಒಂದು ಗ್ರಾಂ ಕೊಬ್ಬು ಕೊಡುವುದು ಒಂಬತ್ತು ಕಿಲೊ ಕ್ಯಾಲರಿಯಾದುದರಿಂದ ಈ ಭೇದ. ಕ್ಯಾಲರಿಯೊಂದನ್ನೇ ನೋಡುವವರು ಒಡನೆಯೇ ಮೊದಲನೆಯದನ್ನು ಆರಿಸಿಯಾರು. ಆದರೆ ಆ 420ರ ಹಿಂದೆ ಇರುವುದು ಹತ್ತಿರ ಹತ್ತಿರ 70 ಗ್ರಾಂ ಸಕ್ಕರೆ, ಮತ್ತು ಅದರ ಜೊತೆಗೆ ಹೆಚ್ಚೇನೂ ಇಲ್ಲ. ಬೀಜದ ಹೂರಣದಲ್ಲಿಯೂ ಸಕ್ಕರೆಯುಂಟು, ಸುಮಾರು 45ರಿಂದ 50 ಗ್ರಾಂ ಆಗುವಷ್ಟು. ಆದರೆ ಅಲ್ಲಿ ಬಾದಾಮಿಯ ಅಪರ್ಯಾಪ್ತ ಕೊಬ್ಬು, ಪ್ರೋಟೀನು, ನಾರು, ಇ ಜೀವಸತ್ವ ಇವೆಲ್ಲ ಕೂಡಿ ಬರುತ್ತವೆ. ಸಕ್ಕರೆ ರಕ್ತಕ್ಕೆ ಇಳಿಯುವ ವೇಗವೂ ತಗ್ಗುತ್ತದೆ. ಎರಡು ತುಂಡುಗಳಿಗೆ ತೃಪ್ತಿಯಾದಂತೆ ಅನ್ನಿಸುತ್ತದೆ. ಆದುದರಿಂದ ಕ್ಯಾಲರಿ ಹೆಚ್ಚಿದ್ದರೂ ಬೀಜದ ಹೂರಣವೇ ಲೇಸೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಎರಡು ತುಂಡಿಗೆ ನಿಲ್ಲಿಸುವವರಿಗೆ ಮಾತ್ರ ಈ ಮಾತು ಅನ್ವಯಿಸುತ್ತದೆಂಬುದನ್ನೂ ಸೇರಿಸುತ್ತೇನೆ.

ಸಾಧಾರಣವಾದ 200 ಗ್ರಾಮಿನ ಪೆಟ್ಟಿಗೆಯೊಂದರಲ್ಲಿ ಹದಿನಾರು ತುಂಡುಗಳಿವೆಯೆಂದು ಇಟ್ಟುಕೊಳ್ಳೋಣ. ನಾನಾ ಹೂರಣಗಳ ಸರಾಸರಿಯನ್ನು ಹಿಡಿದರೆ ಪೂರ್ತಿ ಪೆಟ್ಟಿಗೆಯಲ್ಲಿ ಸುಮಾರು 1000 ಕಿಲೊ ಕ್ಯಾಲರಿ, ಅಂದರೆ ಪೊಟ್ಟಣಗಳ ಮೇಲಿನ ಲೆಕ್ಕಕ್ಕೆ ಆಧಾರವಾಗಿರುವ ದಿನವೊಂದರ 2000 ಕಿಲೊ ಕ್ಯಾಲರಿಯ ಅರ್ಧ. ಒಂದು ತುಂಡಿಗೆ 60ರ ಮೇಲೆ ಸ್ವಲ್ಪ; ಅದು ಯಾರನ್ನೂ ಸ್ಥೂಲಕಾಯರನ್ನಾಗಿ ಮಾಡುವ ಮೊತ್ತವಲ್ಲ. ಆದರೆ ಸಕ್ಕರೆಯ ಲೆಕ್ಕ ಇದಕ್ಕಿಂತ ಕಠಿಣವಾದುದು. ಪ್ರತ್ಯೇಕವಾಗಿ ಸೇರಿಸಿದ ಸಕ್ಕರೆ ಮೊದಲಾದವುಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಹತ್ತನ್ನು ಮೀರಬಾರದೆಂದೂ, ಐದಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದೆಂದೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಐದೆಂದರೆ ಸುಮಾರು 25 ಗ್ರಾಂ. ಪೆಟ್ಟಿಗೆಯ ನಾಲ್ಕು ತುಂಡುಗಳು ಈ 25ನ್ನು ಮುಗಿಸಿಬಿಡುತ್ತವೆ. ಬೆಳಗಿನ ಕಾಫಿಯ ಸಕ್ಕರೆಯನ್ನು, ಸಾಯಂಕಾಲದ ಬಿಸ್ಕತ್ತನ್ನು ನಾವಿನ್ನೂ ಎಣಿಸಿಯೇ ಇಲ್ಲ. ಎರಡು ತುಂಡುಗಳಾದರೆ ದಿನದ ಪಾಲಿನಲ್ಲಿ ಅರ್ಧ ಉಳಿಯುತ್ತದೆ. ನಾನು ಎರಡೆಂಬ ಸಂಖ್ಯೆಯನ್ನು ಹಿಡಿದಿರುವುದು ಈ ಆಧಾರದ ಮೇಲೆ.

ಇಲ್ಲಿ ಕೆಲವರು ಕೇಳಬಹುದು: ಹಾಗಾದರೆ ಹೃದಯಕ್ಕೆ ಹಿತವಾದ ಆ ಫ್ಲೇವನಾಲ್‌ಗಳ ಗತಿಯೇನು, ಕಬ್ಬಿಣ ಮೆಗ್ನೀಸಿಯಂಗಳ ಗತಿಯೇನು ಎಂದು. ಪ್ರಶ್ನೆ ನ್ಯಾಯವಾದುದೇ. ಕೊಕ್ಕೋವಿನ ಫ್ಲೇವನಾಲ್‌ಗಳು ರಕ್ತನಾಳಗಳ ಸ್ಥಿತಿಸ್ಥಾಪಕತ್ವಕ್ಕೆ ನೆರವಾಗುತ್ತವೆಂಬುದಕ್ಕೆ ಪುರಾವೆಯುಂಟು. ಅಮೆರಿಕದಲ್ಲಿ 21,000ಕ್ಕೂ ಮಿಕ್ಕ ವಯೋವೃದ್ಧರ ನೆರವಿನಿಂದ ನಡೆದು 2022ರಲ್ಲಿ ಫಲಿತಾಂಶ ಪ್ರಕಟವಾದ ಕಾಸ್ಮೋಸ್ ಎಂಬ ದೊಡ್ಡ ಪ್ರಯೋಗದಲ್ಲಿ, ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲನ್ನು ವರ್ಷಗಟ್ಟಲೆ ಸೇವಿಸಿದವರಲ್ಲಿ ಹೃದಯರಕ್ತನಾಳದ ವ್ಯಾಧಿಗಳ ಒಟ್ಟು ಸಂಖ್ಯೆ ಖಚಿತವಾಗಿ ಹೇಳಬಹುದಾದಷ್ಟು ಇಳಿಯಲಿಲ್ಲ, ಆ ವ್ಯಾಧಿಗಳಿಂದ ಸಂಭವಿಸಿದ ಮರಣಗಳು ಮಾತ್ರ ಕಡಿಮೆಯಾಗಿದ್ದುವು. ಫಲಿತಾಂಶ ಆಶಾದಾಯಕವೆಂದೇ ಇಟ್ಟುಕೊಳ್ಳೋಣ. ಆದರೆ ಅಲ್ಲಿ ಕೊಟ್ಟದ್ದು ಮಾತ್ರೆಯ ರೂಪದ ಸತ್ತ್ವವನ್ನು, ಚಾಕೊಲೇಟನ್ನಲ್ಲ. ಹುರಿಯುವಾಗ, ಕ್ಷಾರದಿಂದ ಸಂಸ್ಕರಿಸುವಾಗ ಈ ಒಗರಿನ ದ್ರವ್ಯಗಳು ಬಹುವಾಗಿ ನಷ್ಟವಾಗುತ್ತವೆ. ಉಳಿದದ್ದು ಹನ್ನೆರಡು ಗ್ರಾಮಿನ ತುಂಡಿನ ನಾಲ್ಕೈದು ಗ್ರಾಂ ಕವಚದಲ್ಲಿ ಎಷ್ಟಿದ್ದೀತು? ಮೆಗ್ನೀಸಿಯಮ್ಮಿನ ಕಥೆಯೂ ಹೀಗೆಯೇ. ಒಳ್ಳೆಯ ಕಪ್ಪು ಚಾಕೊಲೇಟಿನ ಐದು ಗ್ರಾಂ ಕವಚದಿಂದ ದೊರೆಯುವುದು ಹತ್ತು ಹನ್ನೊಂದು ಮಿಲಿಗ್ರಾಂ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 140 ಮಿಲಿಗ್ರಾಮಿಗೂ ಮಿಕ್ಕು ಇರುತ್ತದೆ. ಲವಣಗಳು ಬೇಕಾದವರು ರಾಗಿಯನ್ನೂ ಸೊಪ್ಪನ್ನೂ ಕಾಳನ್ನೂ ತಿನ್ನಬೇಕು. ಹೂರಣದ ಚಾಕೊಲೇಟನ್ನು ಸಂತೋಷಕ್ಕಾಗಿ ತಿನ್ನುವೆನೆಂದು ಒಪ್ಪಿಕೊಂಡು ತಿನ್ನುವವನು ಮಿತದಲ್ಲಿ ನಿಂತಾನು. ಆರೋಗ್ಯಕ್ಕಾಗಿ ತಿನ್ನುವೆನೆಂದು ತನ್ನನ್ನು ತಾನು ನಂಬಿಸಿಕೊಂಡವನಿಗೆ ನಿಲ್ಲಲು ಕಾರಣವೇ ತೋರುವುದಿಲ್ಲ.

ಪೆಟ್ಟಿಗೆಯ ಸ್ವರೂಪದಲ್ಲಿಯೇ ಇನ್ನೊಂದು ಸೆಳೆತವಿದೆ. ಅದನ್ನೂ ತಿಳಿದಿರುವುದು ಒಳ್ಳೆಯದು. 1981ರಲ್ಲಿ ಬಾರ್ಬರಾ ರೋಲ್ಸ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ, ಒಂದೇ ಆಹಾರವನ್ನು ತಿನ್ನುತ್ತ ಹೋದಂತೆ ಅದರ ರುಚಿ ಕುಂದುತ್ತದೆಂದೂ, ಬೇರೆ ರುಚಿಯದನ್ನು ಮುಂದಿಟ್ಟೊಡನೆ ಹಸಿವು ಹೊಸತಾದಂತೆ ಮರಳುತ್ತದೆಂದೂ ಪ್ರಯೋಗಗಳಿಂದ ತೋರಿಸಿಕೊಟ್ಟರು. ಒಂದೇ ಹೂರಣದ ತುಂಡುಗಳಾದರೆ ಮೂರನೆಯದಕ್ಕೆ ನಾಲಗೆ ದಣಿಯುತ್ತದೆ. ಪ್ರತಿಯೊಂದು ಗೂಡಿನಲ್ಲಿ ಬೇರೆ ಆಕಾರ, ಬೇರೆ ಬಣ್ಣದ ಕಾಗದ, ಬೇರೆ ಹೂರಣ ಇರುವಾಗ, ದಣಿವು ಬರುವ ಮುನ್ನವೇ ಕುತೂಹಲ ಕೈಯನ್ನು ಮುಂದಕ್ಕೆ ನೂಕುತ್ತದೆ. ತಿನ್ನುವವನ ಮನೋಬಲದ ಕೊರತೆಯೆಂದು ಇದನ್ನು ನಿಂದಿಸುವುದು ತಕ್ಕುದಲ್ಲ. ದೇಹದ ಸ್ವಭಾವವೇ ಹಾಗಿದೆ. ಪೆಟ್ಟಿಗೆಯನ್ನು ಮೇಜಿನ ಮೇಲೆ ತೆರೆದಿಡುವುದಕ್ಕೆ ಬದಲಾಗಿ, ಎರಡು ತುಂಡುಗಳನ್ನು ಆರಿಸಿ ತಟ್ಟೆಗೆ ತೆಗೆದುಕೊಂಡು, ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟು, ಅನಂತರ ಬಂದು ಕುಳಿತು ತಿನ್ನುವುದು ಇದಕ್ಕೆ ಸರಿಯಾದ ಉಪಾಯ.

ಎಷ್ಟು ಎಂಬುದನ್ನು ಇಷ್ಟು ಹೊತ್ತು ಹೇಳಿದೆ. ಎಷ್ಟು ಹೊತ್ತಿಗೆ ಎಂಬುದು ಅದಕ್ಕಿಂತ ಮುಖ್ಯವೆಂದು ನನ್ನ ಮತ. ಇದನ್ನು ಜಗತ್ತಿಗೆ ಕಲಿಸಿದ ಪ್ರಯೋಗದ ಕಥೆ ಮಾತ್ರ ಬಹಳ ವಿಷಾದಕರವಾದುದು. ಸ್ವೀಡನ್ ದೇಶದ ಲುಂಡ್ ಪಟ್ಟಣದ ವಿಪೆಹೋಮ್ ಎಂಬ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯವುಳ್ಳ ನೂರಾರು ಮಂದಿ ರೋಗಿಗಳಿದ್ದರು. ಎರಡನೆಯ ಮಹಾಯುದ್ಧದ ಕೊನೆಯ ವರ್ಷವಾದ 1945ರಲ್ಲಿ ಆರಂಭವಾದ ದಂತಸಂಶೋಧನೆಯೊಂದರಲ್ಲಿ, ಅವರ ಒಪ್ಪಿಗೆಯನ್ನು ಕೇಳದೆ, ಕೇಳಿದರೂ ಅವರು ಅರಿತು ಉತ್ತರಿಸಲಾರದವರಾಗಿರುವಲ್ಲಿ, ಅವರನ್ನು ಗುಂಪುಗಳಾಗಿ ವಿಂಗಡಿಸಿ ಸಕ್ಕರೆಯನ್ನು ನಾನಾ ರೂಪಗಳಲ್ಲಿ ತಿನ್ನಿಸಿದರು. ಕೆಲವರಿಗೆ ಊಟದ ಜೊತೆಗೆ ಸಿಹಿ ಪಾನೀಯ, ಕೆಲವರಿಗೆ ಊಟದ ಜೊತೆಗೆ ಸಿಹಿ ರೊಟ್ಟಿ. ಇನ್ನು ಕೆಲವರಿಗೆ ಊಟಗಳ ನಡುವೆ ದಿನವಿಡೀ ಹಲ್ಲಿಗೆ ಅಂಟಿಕೊಳ್ಳುವ ಟಾಫಿ. ಊಟದೊಡನೆ ಸಕ್ಕರೆ ತಿಂದವರ ಹಲ್ಲುಗಳಿಗೆ ಆದ ಹಾನಿ ಅಲ್ಪ. ನಡುನಡುವೆ ಅಂಟು ಮಿಠಾಯಿ ತಿಂದವರ ಹಲ್ಲುಗಳು ಕೊಳೆತು ನಾಶವಾದುವು. ಅಸಹಾಯಕರಾದ ಮನುಷ್ಯರನ್ನು ಹೀಗೆ ಬಳಸಿಕೊಂಡದ್ದು ಘೋರವಾದ ಅನ್ಯಾಯ. ಆ ನೋವನ್ನು ಉಂಡವರಿಗೆ ಲೋಕದ ದಂತವೈದ್ಯ ಶಾಸ್ತ್ರ ಇಂದಿಗೂ ಋಣಿಯಾಗಿದೆ. ಅವರ ಬಾಯಿಯಿಂದ ಕಲಿತದ್ದನ್ನು ನಾವು ಮರೆತರೆ ಅದು ಇನ್ನೊಂದು ಅನ್ಯಾಯವಾದೀತು.

ಕಲಿತದ್ದು ಇದು: ಬಾಯಿಯಲ್ಲಿ ನೆಲೆಸಿರುವ ಸೂಕ್ಷ್ಮಾಣುಗಳು ಸಕ್ಕರೆಯನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತವೆ, ಆ ಆಮ್ಲ ಹಲ್ಲಿನ ಹೊರಕವಚವನ್ನು ಕರಗಿಸತೊಡಗುತ್ತದೆ, ಲಾಲಾರಸವು ಆಮ್ಲವನ್ನು ಶಮನಗೊಳಿಸಿ ಕರಗಿದುದನ್ನು ಮತ್ತೆ ಕಟ್ಟಲು ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟು ಕಾಲ ಬೇಕು. ಊಟವಾದೊಡನೆ ಎರಡು ತುಂಡನ್ನು ಒಟ್ಟಿಗೆ ತಿಂದವನು ಹಲ್ಲಿಗೆ ಒಂದೇ ಪೆಟ್ಟನ್ನು ಕೊಟ್ಟು, ಉಳಿದ ಹೊತ್ತನ್ನು ದುರಸ್ತಿಗೆ ಬಿಡುತ್ತಾನೆ. ಅದೇ ಎರಡು ತುಂಡನ್ನು ಕಾಲುಕಾಲಾಗಿ ಮುರಿದು ಗಂಟೆಗೊಮ್ಮೆ ಬಾಯಿಗೆ ಹಾಕಿಕೊಳ್ಳುವವನು, ತಾನು ಮಿತವಾಗಿ ತಿನ್ನುತ್ತಿರುವೆನೆಂದು ಭಾವಿಸಿದ್ದರೂ, ಇಡಿಯ ದಿನ ಹಲ್ಲನ್ನು ಆಮ್ಲದಲ್ಲಿ ಮುಳುಗಿಸಿಡುತ್ತಾನೆ. ಹೂರಣಗಳಲ್ಲಿ ಕ್ಯಾರಮೆಲ್ಲು ಈ ದೃಷ್ಟಿಯಿಂದ ಅತ್ಯಂತ ಕೆಟ್ಟದ್ದು, ಹಲ್ಲಿನ ಸಂದಿಗಳಲ್ಲಿ ಅದು ಬಹಳ ಹೊತ್ತು ನಿಲ್ಲುತ್ತದೆ. ಗನಾಷೂ ಬೀಜದ ಹೂರಣವೂ ಬೇಗ ತೊಳೆದುಹೋಗುತ್ತವೆ. ಈ ತಿಳಿವಳಿಕೆಯ ಫಲವಾಗಿ ಸ್ವೀಡನ್ನಿನಲ್ಲಿ ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರವೆಂಬ ವಾಡಿಕೆ ಬೆಳೆಯಿತು. ವಾರದ ಆರು ದಿನ ಇಲ್ಲ. ಶನಿವಾರ ಮಗು ತಾನೇ ಅಂಗಡಿಗೆ ಹೋಗಿ ತನಗೆ ಬೇಕಾದುದನ್ನು ಆರಿಸಿ ತರುತ್ತದೆ, ಯಾರೂ ಗದರಿಸುವುದಿಲ್ಲ. ನಿಷೇಧದ ಕಹಿಯಾಗಲಿ, ಕದ್ದು ತಿನ್ನುವ ಅಭ್ಯಾಸವಾಗಲಿ ಬೆಳೆಯಲು ಅಲ್ಲಿ ಎಡೆಯಿಲ್ಲ. ಏಕಾದಶಿಯನ್ನೂ ಹಬ್ಬದೂಟವನ್ನೂ ಬಲ್ಲ ನಮ್ಮ ಮನೆಗಳಿಗೆ ಇಂತಹ ದಿನನಿಯಮ ಅಪರಿಚಿತವೇನೂ ಅಲ್ಲ. ಮಕ್ಕಳಿರುವ ಮನೆಯವರು ಇದನ್ನು ಅನುಸರಿಸಿ ನೋಡಬೇಕೆಂದು ನಾನು ಆಗ್ರಹಪೂರ್ವಕವಾಗಿ ಹೇಳುತ್ತೇನೆ.

ಕೊಳ್ಳುವಾಗ ಪೊಟ್ಟಣದ ಹಿಂಬದಿಯನ್ನು ಓದಿರಿ. ಪದಾರ್ಥಗಳ ಹೆಸರನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮವಿದೆ; ಮೊದಲ ಹೆಸರು ಸಕ್ಕರೆಯಾಗಿದ್ದರೆ ನೀವು ಹೆಚ್ಚಾಗಿ ಕೊಳ್ಳುತ್ತಿರುವುದು ಸಕ್ಕರೆಯನ್ನು. ಕೊಕ್ಕೋ ಬೆಣ್ಣೆಯ ಹೆಸರಿಲ್ಲದೆ ಬರಿಯ ಸಸ್ಯಜನ್ಯ ಕೊಬ್ಬೆಂದು ಬರೆದಿದ್ದರೆ, ಹೊದಿಕೆ ಚಾಕೊಲೇಟಿನಂತೆ ಕಾಣುವ ಬೇರೊಂದು ಪದಾರ್ಥ. ಅದು ಬಾಯಿಯಲ್ಲಿ ಸ್ವಚ್ಛವಾಗಿ ಕರಗದೆ ಅಂಗುಳಿಗೆ ಮೇಣದಂತೆ ಹತ್ತಿಕೊಳ್ಳುವುದರಿಂದಲೂ ಗುರುತು ಸಿಗುತ್ತದೆ. ಸೇರಿಸಿದ ಸಕ್ಕರೆ ದಿನಕ್ಕೆ 50 ಗ್ರಾಂ, ಪರ್ಯಾಪ್ತ ಕೊಬ್ಬು 22 ಗ್ರಾಂ ಎಂಬ ಆಧಾರದ ಮೇಲೆ ಶೇಕಡಾವಾರು ಲೆಕ್ಕವನ್ನೂ ಅಲ್ಲಿ ಕೊಟ್ಟಿರುತ್ತಾರೆ. ಮಧುಮೇಹಿಗಳು ತಮ್ಮ ವೈದ್ಯರ ಸಲಹೆಯಿಲ್ಲದೆ ಇದನ್ನು ಮುಟ್ಟಬಾರದು. ಬೀಜಗಳು ಒಗ್ಗದ ಮಕ್ಕಳು ಇರುತ್ತಾರೆ. ಕೆಲವು ವಿದೇಶೀ ಪೆಟ್ಟಿಗೆಗಳ ಹೂರಣದಲ್ಲಿ ಮದ್ಯವೂ ಇರುತ್ತದೆ. ಇವೆರಡನ್ನೂ ನೋಡಿಕೊಂಡೇ ಹಂಚಬೇಕು. ಮನೆಯ ನಾಯಿಗೆ ಪ್ರೀತಿಯಿಂದಲೂ ಒಂದು ಚೂರನ್ನು ಕೊಡಬೇಡಿರಿ, ಥಿಯೊಬ್ರೊಮಿನ್ ಅದರ ದೇಹಕ್ಕೆ ವಿಷ.

ನಮ್ಮ ಹವೆಯಲ್ಲಿ, ಮುಖ್ಯವಾಗಿ ಕರಾವಳಿಯ ಸೆಕೆಯಲ್ಲಿ, ಕರಗಿ ಮತ್ತೆ ಗಟ್ಟಿಯಾದ ಚಾಕೊಲೇಟಿನ ಮೇಲೆ ಬೂದಿ ಬಳಿದಂತೆ ಬಿಳುಪು ಕಾಣಿಸುತ್ತದೆ. ಬೂಷ್ಟೆಂದು ಹೆದರಿ ಅನೇಕರು ಎಸೆಯುವುದುಂಟು. ಅದು ಮೇಲಕ್ಕೆ ಬಂದು ಹರಳುಗಟ್ಟಿದ ಕೊಕ್ಕೋ ಬೆಣ್ಣೆ, ರುಚಿ ಕುಂದಿದರೂ ಕೆಡುಕಿಲ್ಲ. ಶೀತಪೆಟ್ಟಿಗೆಯಲ್ಲಿ ಇಡುವುದು ಅನಿವಾರ್ಯವಾದರೆ ಗಾಳಿಯಾಡದ ಡಬ್ಬದಲ್ಲಿಟ್ಟು, ತಿನ್ನುವ ಅರ್ಧ ಗಂಟೆ ಮೊದಲು ಡಬ್ಬವನ್ನು ತೆರೆಯದೆಯೇ ಹೊರಗಿಡಿರಿ; ತಣ್ಣಗೆ ಕೊರೆಯುವ ಚಾಕೊಲೇಟಿನಲ್ಲಿ ಪರಿಮಳ ಏಳುವುದಿಲ್ಲ, ಪರಿಮಳ ಸಿಗದ ನಾಲಗೆ ಇನ್ನೊಂದು ತುಂಡನ್ನು ಕೇಳುತ್ತದೆ. ಜಗಿದು ನುಂಗದೆ, ಕವಚ ತಾನಾಗಿ ಕರಗಿ ಹೂರಣ ನಾಲಗೆಗೆ ತಾಕುವ ತನಕ ಕಾಯಿರಿ. ಆ ಒಂದು ನಿಮಿಷದ ಸುಖಕ್ಕಾಗಿಯೇ ಅಲ್ಲವೆ ಇಷ್ಟು ಜನರ ಇಷ್ಟು ಕಾಲದ ಶ್ರಮ!

ದೀಪಾವಳಿ ಬಂತೆಂದರೆ ಈಚೆಗೆ ಕಚೇರಿಗಳಲ್ಲಿಯೂ ಬಂಧುಮಿತ್ರರಲ್ಲಿಯೂ ಚಾಕೊಲೇಟಿನ ಪೆಟ್ಟಿಗೆಗಳ ವಿನಿಮಯ ಧಾರಾಳವಾಗಿ ನಡೆಯುತ್ತದೆ. ಒಂದೊಂದು ಮನೆಯಲ್ಲಿ ಹತ್ತು ಹನ್ನೆರಡು ಪೆಟ್ಟಿಗೆಗಳು ಸೇರುತ್ತವೆ, ತಿಂಗಳುಗಟ್ಟಲೆ ಮಕ್ಕಳ ಕೈ ಅವುಗಳೊಳಗೇ ಇರುತ್ತದೆ. ಕೊಡುವವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ದೊಡ್ಡ ಪೆಟ್ಟಿಗೆಯನ್ನು ಬಿಟ್ಟು ಚಿಕ್ಕದನ್ನು ಆರಿಸಿರಿ, ಅಷ್ಟೇ ಹಣಕ್ಕೆ ಕೊಕ್ಕೋ ಬೆಣ್ಣೆಯ ಕವಚವೂ ಬಾದಾಮಿಯ ಹೂರಣವೂ ಉಳ್ಳ ಎಂಟು ತುಂಡುಗಳು ಸಿಗುತ್ತವೆ. ಪಡೆದವರು ಅದನ್ನು ಒಬ್ಬೊಬ್ಬರೇ ತೆರೆಯದೆ, ರಾತ್ರಿಯ ಊಟ ಮುಗಿದ ಮೇಲೆ ಮನೆಮಂದಿಯೆಲ್ಲ ಕುಳಿತಿರುವಾಗ ತೆರೆದು, ತಲೆಗೆರಡರಂತೆ ಹಂಚಿ, ಅದೇ ದಿನ ಮುಗಿಸಿಬಿಡಿರಿ.